ದಾಸವಾಳದ ಬೇಲಿಗೆ ಹೊಡೆದ ಔಷಧ

ಗಿರಿಜಕ್ಕಾ, ಅಂದು ನಿನ್ನ ಮೊಮ್ಮಗಳ ತಲೆಗೆ ಬಿದ್ದದ್ದು ವಿಷ. ಅದನ್ನು ದಾಸವಾಳದ ಸೊಪ್ಪಿಗೆ ಹೊಡೆದವಳು ನಾನು. ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ಇಂದು ಬರೆಯುತ್ತಿದ್ದೇನೆ. ನಿನ್ನೆ ನಿನ್ನ ಸೊಸೆ ಶೈಲಾ ಎರಡನೆಯ ಕೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಬಂದಳು. ಕೂಸಿಗೆ ಮೀಯಿಸಲು ಬಾಳೆಗುಳಿಯಿಂದ ಯಾರೋ ಹೆಂಗಸು ಬರುತ್ತಾಳಂತೆ. ಬಾಳೆಗುಳಿಯಿಂದ! ಭಾವಿಕೇರಿಯ ನಮ್ಮ ಕೇರಿಯ ಅರ್ಧ ಮಕ್ಕಳು ನಿನ್ನ ಕಾಲ ಮೇಲೆ ಮಲಗಿ ಮಿಂದವರು — ನನ್ನ ಮಗನೂ. ಬೆಳಿಗ್ಗೆ ಹಿಂದೆ ಬೇಲಿಯಿದ್ದ ಜಾಗದಲ್ಲಿ ನಿಂತು ಕೇಳಿದೆ, ನೀನೇ ಮೀಯಿಸುವುದಿಲ್ಲವೇ ಎಂದು.

“ಬ್ಯಾಡ್ರಿ ಅಕ್ಕೋರೆ. ನನ್ನ ಕೈ ಚಲೋದಲ್ಲ.”

ನೀನು ನಗುತ್ತಲೇ ಅಂದೆ. ಆಮೇಲೆ ಆ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೆ. 

ಆ ವರ್ಷ ನನ್ನ ದಾಸವಾಳಕ್ಕೆ ಹೇನು ಬಿದ್ದಿತ್ತು, ನೆನಪಿದೆಯಲ್ಲ? ಕುಡಿಯ ತುಂಬ ಕರಿ ಹೇನು, ಬುಡದಿಂದ ತುದಿಯವರೆಗೆ ಇರುವೆಯ ಸಾಲು, ಎಲೆ ಮುಟ್ಟಿದರೆ ಅಂಟು. ನೀನು ಗದ್ದೆ ಕೆಲಸಕ್ಕೆ ಹೋಗುವಾಗ ಒಂದು ಕುಡಿ ಬಗ್ಗಿಸಿ ನೋಡಿದವಳೇ ಹೇಳಿದ್ದೆ: “ಇರುವಿ ಹೇನನ್ನ ದನ ಸಾಕ್ದಂಗೆ ಸಾಕ್ತದೆ ಅಕ್ಕೋರೆ. ಕುಡಿ ಮುರ್ದು ಒಗೀರಿ, ಬಚ್ಚಲ ಒಲೆ ಬೂದಿ ಹೊಡೀರಿ. ವಿಷ ಮಾತ್ರ ತರಬ್ಯಾಡಿ, ಬೇಲಿ ಸೊಪ್ಪು ನಾಲ್ಕು ಜನ ಕೊಯ್ತರು.”

“ಛೆ, ವಿಷವೇ? ನಾನೇ?” ಅಂದಿದ್ದೆ. ಹೇನಿನ ಮೈಯಿಂದ ಬರುವ ಸಿಹಿನೀರು ಕುಡಿಯಲು ಇರುವೆ ಕಾವಲು ನಿಲ್ಲುತ್ತದೆ ಎಂದು ನಾಲ್ಕನೆಯ ಇಯತ್ತೆಗೆ ವರ್ಷ ವರ್ಷ ಪಾಠ ಮಾಡಿದವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆದದ್ದಿಷ್ಟೆ. ಬೂದಿ ಹೊಡೆದೆ, ನಾಲ್ಕು ದಿನಕ್ಕೆ ಹೇನು ಮತ್ತೆ ಬಂತು. ದೇವಸ್ಥಾನಕ್ಕೆ ಕೊಟ್ಟ ಹೂವಿನಿಂದ ಇರುವೆ ಹತ್ತಿ ಭಟ್ಟರ ಕೈ ಕಚ್ಚಿತು. “ಅಕ್ಕೋರೆ, ದೇವರಿಗೆ ಹೂವು ತಂದ್ರೋ, ನಮಗೆ ಇರುವೆ ತಂದ್ರೋ?” ಎಂದು ಎಲ್ಲರೆದುರು ನಕ್ಕರು. ಅಷ್ಟಕ್ಕೇ — ಅಷ್ಟಕ್ಕೇ ಗಿರಿಜಕ್ಕಾ — ಅಂದೇ ಅಂಕೋಲೆಗೆ ಹೋಗಿ ಬಾಟಲಿ ತಂದೆ. ಹದಿನೈದು ದಿನ ಯಾರೂ ಸೊಪ್ಪು ಮುಟ್ಟಬಾರದು ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ್ದ. ಮಧ್ಯಾಹ್ನ ಕೇರಿ ಮಲಗಿದ್ದಾಗ ಹೊಡೆದೆ. ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ನೀನು ಸೊಪ್ಪು ಕೊಯ್ಯಲು ಬಂದೆ. ಮಾಜಾಳಿಯ ತವರಿನಿಂದ ಶೈಲಾ ಎಂಟು ತಿಂಗಳ ಮಗಳನ್ನು ಕರೆತಂದಿದ್ದಳು. ಸೊಪ್ಪನ್ನು ಹಿಚುಕಿ ಲೋಳೆಯಂಥ ಗೊಂಪು ಮಾಡಿ ಕೂಸಿನ ತಲೆಗೆ ಹಾಕಿ ಮೀಯಿಸುವ ಸಂಭ್ರಮ ನಿನ್ನದು. ಬೇಲಿಯ ಸೊಪ್ಪಿಗೆ ನಮ್ಮಲ್ಲಿ ಯಾರು ಯಾರನ್ನು ಕೇಳುತ್ತಾರೆ? ನಾನು ಕಿಟಕಿಯಲ್ಲಿದ್ದೆ. ನೀನು ಸೊಪ್ಪು ಹಿಡಿದ ಕೈಯನ್ನು ಮೇಲೆತ್ತಿ ತೋರಿಸಿದೆ. ‘ಬೇಡ’ ಎಂಬ ಒಂದು ಮಾತು — ಬಾಯಿಯವರೆಗೆ ಬಂದಿತ್ತು. ಹೇಳಿದರೆ, ವಿಷ ಹೊಡೆದದ್ದು ಗೊತ್ತಾಗುತ್ತದಲ್ಲ? ಹಿಂದಿನ ಸಂಜೆ ನಾಲ್ಕು ಹನಿ ಮಳೆ ಬಿದ್ದಿತ್ತು, ತೊಳೆದು ಹೋಗಿರುತ್ತದೆ ಅಂದುಕೊಂಡೆ. ನಾನೂ ಕೈ ಎತ್ತಿದೆ. ನೀನು ಹೋದೆ.

ಮಧ್ಯಾಹ್ನದ ಹೊತ್ತಿಗೆ ಕೂಸಿನ ಮುಖ ಬಾತು, ಕಣ್ಣು ಮುಚ್ಚಿ, ವಾಂತಿ. ರಿಕ್ಷಾದಲ್ಲಿ ಆಸ್ಪತ್ರೆಗೆ ಓಡಿದಿರಿ. ನಾನು ಓಡಿದ್ದೆಲ್ಲಿಗೆ ಗೊತ್ತೇ? ಹಿತ್ತಿಲಿಗೆ. ಬಾಟಲಿಯನ್ನು ತೆಂಗಿನ ಬುಡದಲ್ಲಿ ಹೂತೆ. ಏನು ಔಷಧ ಎಂದು ಡಾಕ್ಟರಿಗೆ ತಿಳಿದಿದ್ದರೆ ಕೂಸಿಗೆ ಬೇಗ ಗುಣವಾಗುತ್ತಿತ್ತೇನೋ — ಆ ವಿಚಾರ ಆಗಲೂ ಬಂದಿತ್ತು. ಬಂದೂ ಹೂತೆ. ಎರಡು ದಿನ ಕೂಸು ಕಣ್ಣು ಬಿಡಲಿಲ್ಲ. ದೇವರು ದೊಡ್ಡವನು, ಉಳಿಯಿತು. ಇರುವೆ ಕಾಟ ಎಂದು ನೆಪ ಹೇಳಿ ಬೇಲಿಯನ್ನೇ ಕಡಿಸಿದೆ.

ಕೂಸು ಮನೆಗೆ ಬಂದ ದಿನ ಶೈಲಾ ನಿನಗೆ ಅಂದದ್ದು ನಮ್ಮ ಅಂಗಳಕ್ಕೂ ಕೇಳಿಸಿತ್ತು. “ಅತ್ತೆ, ಇನ್ಮೇಲೆ ನನ್ನ ಮಕ್ಕಳನ್ನ ಮುಟ್ಟಬ್ಯಾಡಿ.” ತಾಯಿ, ಹೆದರಿ ಅಂದಳು, ಅವಳದೇನು ತಪ್ಪು? ಆಮೇಲೆ ಕೇರಿಯವರೂ ಒಬ್ಬೊಬ್ಬರಾಗಿ ನಿನ್ನನ್ನು ಕರೆಯುವುದು ಬಿಟ್ಟರು. ನೀನೂ ನಂಬಿಬಿಟ್ಟೆ, ನಿನ್ನ ಕೈಯದೇ ದೋಷ ಎಂದು.

ನಿನ್ನೊಬ್ಬಳಿಗೇ ಹೇಳುವುದು ಸುಲಭ. “ಬಿಡ್ರಿ ಅಕ್ಕೋರೆ, ಆಗಿ ಹೋಯ್ತು” ಅನ್ನುತ್ತೀಯ, ನನ್ನ ಮಾನ ಉಳಿಸಲು ಮಾತನ್ನು ಅಲ್ಲೇ ನುಂಗುತ್ತೀಯ. ನಿನ್ನ ಗುಣ ನನಗೆ ಗೊತ್ತು. ಅದಕ್ಕೇ ಹೆದರಿಕೆ. ಬೆಳಿಗ್ಗೆ ತೆಂಗಿನ ಬುಡ ಅಗೆದೆ. ಬಾಟಲಿ ಸಿಕ್ಕಿತು, ಚೀಟಿ ಕೊಳೆತಿದೆ, ಬಾಟಲಿ ಹಾಗೇ ಇದೆ.

ನಿಮ್ಮ ಬಚ್ಚಲಿನ ಒಲೆ ಹೊಗೆಯಾಡುತ್ತಿದೆ. ಬಾಳೆಗುಳಿಯವಳು ಇನ್ನೂ ಬಂದಿಲ್ಲ. ಈ ಕಾಗದವನ್ನೂ ಬಾಟಲಿಯನ್ನೂ ಹಿಡಿದು ಬರುತ್ತಿದ್ದೇನೆ. ನಿಮ್ಮ ಅಂಗಳದಲ್ಲಿ ನಿಂತು ಮೊದಲು ಕರೆಯುವುದು ನಿನ್ನನ್ನಲ್ಲ ಗಿರಿಜಕ್ಕಾ, ಶೈಲಾಳನ್ನು.