ಗೌಂಡಿ ಗುರುಪುತ್ರಪ್ಪನ ಬೀಳದ ಗೋಡೆ

ಅನಗೋಳದ ಗೌಂಡಿ ಗುರುಪುತ್ರಪ್ಪನಿಗೆ ಒಂದು ಕೆಟ್ಟ ಚಾಳಿ: ವಾಲಿದ ಗೋಡೆ ಕಂಡರೆ ಸುಮ್ಮನಿರಲಾರ. ನಲವತ್ತು ವರ್ಷ ಊರವರ ಗೋಡೆ ಎಬ್ಬಿಸಿದ ಕೈ ತನ್ನ ಮನೆಗೇ ಮುಳುವಾದೀತೆಂದು ಯಾರಿಗೆ ಗೊತ್ತಿತ್ತು?

2019ರ ಆಗಸ್ಟಿನ ಮಳೆ ನೆನಪಿದೆಯಲ್ಲ? ನೀರು ಹರಿಯುವ ನಾಲೆಯನ್ನು ಒತ್ತುವರಿ ಮಾಡಿ ಬಂಗಲೆ ಎಬ್ಬಿಸಿದವರು ಮಹಡಿಯಲ್ಲಿ ಬೆಚ್ಚಗೆ ಕೂತರು; ನೀರು ಬಡವರ ಓಣಿಗೆ ನುಗ್ಗಿತು. ಗುರುಪುತ್ರಪ್ಪನ ಮಣ್ಣಿನ ಮನೆ ಮೂರು ದಿನ ನೆನೆದು, ಹಿತ್ತಲ ಗೋಡೆ ಹೊರಕ್ಕೆ ವಾಲಿತು. ಅದರ ಬುಡದಲ್ಲೇ ಬಾಜು ಮನೆಯ ಮುದುಕಿ ಹುಸೇನಬೀ ದಿನಾ ಅಕ್ಕಿ ಆರಿಸುತ್ತ ಕೂರುವುದು. ಇವನಿಗೆ ಜೀವ ತಡೆಯಲಿಲ್ಲ. ಖಾನಾಪುರದ ಬೀಗರಿಂದ ಮತ್ತಿ ಮರದ ತೊಲೆ ತರಿಸಿ ಆಸರೆ ಕೊಟ್ಟ, ಬುಡಕ್ಕೆ ಕಲ್ಲು ಕಟ್ಟಿದ, ಮೇಲೆ ನುಣ್ಣಗೆ ಸಿಮೆಂಟ್ ಮೆತ್ತಿದ.

ಎಂಟು ದಿನಕ್ಕೆ ಸರ್ವೆಯವರು ಬಂದರು. ಮಳೆಗೆ ಬಿದ್ದ ಮನೆಗಳ ಬದಲು ಸರಕಾರ ಹೊಸ ಮನೆ ಕೊಡುವುದಿತ್ತು. "ನಿಮ್ಮ ಗ್ವಾಡಿ ನಿಂತೈತಲ್ರೀ," ಎಂದು ಬರೆದುಕೊಂಡು ಹೋದರು. ಒಳಗೆ ಕೈಯಿಟ್ಟಲ್ಲೆಲ್ಲ ಮಣ್ಣು ಉದುರುತ್ತಿತ್ತು. ಅದನ್ನು ನೋಡಿರೆಂದು ಹೆಂಡತಿ ಸಾತವ್ವ ಗಂಟಲು ಹರಿದುಕೊಂಡದ್ದೇ ಬಂತು. ಬೀಳುವ ಗೋಡೆಯನ್ನು ಬೀಳಲು ಬಿಟ್ಟವರಿಗೆಲ್ಲ ಮನೆ ಮಂಜೂರಾಯಿತು. ಆ ಮನೆಗಳನ್ನು ಕಟ್ಟಿದವನು ಯಾರು? ಇವನೇ! 2021ರಲ್ಲೂ ಮಳೆ ಬಂತು, ಸರ್ವೆ ಬಂತು, ಅದೇ ಹಾಡು. ಹೊಟ್ಟೆ ಉರಿಯದೆ ಇರುತ್ತದೆಯೇ?

ಈ ವರ್ಷದ ಮಳೆಗೆ ಅಡುಗೆಮನೆಯ ಮೂಲೆಯೇ ಕುಸಿಯತೊಡಗಿತು. ಸರ್ವೆಯವರು ಓಣಿಯ ತುದಿಗೆ ಬಂದದ್ದು ತಿಳಿದದ್ದೇ ತಡ, ಸಾತವ್ವ ಹಾರೆ ತಂದು ಗಂಡನ ಕೈಗೆ ತುರುಕಿದಳು.

"ಆ ತೊಲಿ ಕಿತ್ತು ಒಗೀರಿ! ಬೀಳ್ಲಿ ಅದು, ಹಾಳಾಗಿ ಹೋಗ್ಲಿ. ಮನಿ ನಮ್ಮ ತಲಿ ಮ್ಯಾಲ ಬೀಳೂತನಕಾ ಕಾಯ್ತೀರೇನು?"

ಗುರುಪುತ್ರಪ್ಪ ಹಲ್ಲು ಕಚ್ಚಿಕೊಂಡು ಹಿತ್ತಲಿಗೆ ಹೋದ. ಹುಸೇನಬೀ ಅಲ್ಲೇ ಇದ್ದಳು, ಮೊರದ ತುಂಬ ಅಕ್ಕಿ.

"ಆಯಿ, ಆ ಕಡೆ ಸರೀರಿ. ಗ್ವಾಡಿ ಬೀಳತೈತಿ."

"ಯಾಕ ಬೀಳತೈತೋ ಯಪ್ಪಾ? ನೀ ಕಟ್ಟೀಯಲ್ಲ," ಎಂದು ಗೊಣಗುತ್ತ ಮುದುಕಿ ದೂರ ಸರಿದಳು.

ಹಾರೆ ಹಾಕಿ ಮೀಟಿದ. ತೊಲೆ ದಡ್ಡೆಂದು ಬಿತ್ತು. ಗೋಡೆ? ಅಲುಗಲಿಲ್ಲ. ಭುಜ ಕೊಟ್ಟು ನೂಕಿದ, ಕಾಲಿನಿಂದ ಒದ್ದ, ಬೆವರು ಕಿತ್ತುಬಂತು. ಊಹೂಂ! ಒಂದು ಬಿರುಕಾದರೂ ಬಿಡಬಾರದೇ, ದರಿದ್ರದ್ದು!

ಅಷ್ಟರಲ್ಲಿ ಸರ್ವೆಯ ಸಾಹೇಬರು ಬಂದೇಬಿಟ್ಟರು. ಗೋಡೆಗೆ ಬೆರಳಿಂದ ಬಡಿದು ನೋಡಿದರು.

"ಭಾರೀ ಗಟ್ಟಿ ಐತಲ್ರೀ! ಯಾವ ಗೌಂಡಿ ಕಟ್ಟಿದ್ದು?"

"ನಾನರೀ ಸಾಹೇಬ್ರ!" ಗುರುಪುತ್ರಪ್ಪ ಹಾರೆಯನ್ನು ನೆಲಕ್ಕೆ ಒಗೆದ. "ನಾನ ಕಟ್ಟೀನ್ರೀ. ಈ ಕೈ ಸೇದಿ ಹೋಗ್ಲಿ!"

ಸಾಹೇಬರು ಬರೆದುಕೊಂಡು ಮುಂದಿನ ಮನೆಗೆ ನಡೆದರು. ಹುಸೇನಬೀ ಮೊರ ಎತ್ತಿಕೊಂಡು ಬಂದು ಮತ್ತೆ ಗೋಡೆಗೆ ಬೆನ್ನು ಹಚ್ಚಿ ಕೂತಳು. ಗುರುಪುತ್ರಪ್ಪ ಅವಳನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ. ಆಮೇಲೆ ಬೈದುಕೊಳ್ಳುತ್ತಲೇ ಬಿದ್ದ ತೊಲೆಯನ್ನು ಎತ್ತಿ ಮತ್ತೆ ಗೋಡೆಗೆ ಆಸರೆ ಕೊಟ್ಟ.