ಅಕ್ಕಿಯೊಳಗೆ ಹೂತಿಟ್ಟ ಬಳೆಗಳು

ಅಂದು ನಲ್ಲಿಗೆ ನೀರು ಬರುವ ದಿನ. ಐದೂವರೆಗೆ ನಲ್ಲಿ ಮೊದಲು ಸುಂಯ್ ಎಂದು ಗಾಳಿ ಬಿಟ್ಟಿತು, ಆಮೇಲೆ ನೀರು ಬಿಟ್ಟಿತು. ಕೊಡ, ಬಕೆಟ್, ಬ್ಯಾರಲ್ ಎಲ್ಲ ತುಂಬಿಸಿ, ಹಾಲು ಕಾಸಿ, ಮನೆಯವರಿಗೆ ಚಹಾ ಕೊಟ್ಟು, ಮಗಳ ಡಬ್ಬಿಗೆ ಚಪಾತಿ ಲಟ್ಟಿಸಿದೆ. ಇಷ್ಟೂ ದಿನದಂತೆಯೇ. ದಿನದಂತಿರದೇ ಇದ್ದದ್ದು ಅಡುಗೆ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಕುಬಸದ ಬುತ್ತಿ.

ಅಕ್ಕನ ಮಗಳಿಗೆ ಏಳರಲ್ಲಿ ನಡೆಯುತ್ತಿತ್ತು. ನಮ್ಮ ಕಡೆ ಏಳನೇ ತಿಂಗಳ ಸೀಮಂತವೇ ಕುಬಸ, ಅದಕ್ಕೆ ತವರಿನಿಂದ ಬಸುರಿಗೆ ಸೀರೆ, ಖಣ, ಹಸಿರು ಬಳೆ, ಬುತ್ತಿ ಹೋಗಬೇಕು. ಅಕ್ಕನ ಮನೆ ಇದೇ ನವನಗರದಲ್ಲಿ, ನಮ್ಮ ಹಿಂದಿನ ಓಣಿ. ಅವಳಿಗೆ ಮೊಣಕಾಲು ನೋವು, ಹೆಚ್ಚು ಹೊತ್ತು ಒಲೆ ಮುಂದೆ ನಿಲ್ಲಲಾಗದು. ಹಾಗಾಗಿ ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕರಿಗಡಬು, ಗುರೆಳ್ಳು ಚಟ್ನಿ, ಎಲ್ಲ ಮೂರು ದಿನದಿಂದ ನಮ್ಮ ಮನೆಯಲ್ಲೇ ಆಗಿತ್ತು. ನನಗದು ಭಾರವೆನಿಸಲಿಲ್ಲ. ಆ ಹುಡುಗಿ ನನ್ನ ತೊಡೆಯ ಮೇಲೆ ಬೆಳೆದವಳು.

ಅವಳ ಗಂಡನ ಊರು ಹಿನ್ನೀರಿನ ಆಚೆ ದಂಡೆಗೆ. ಬಸ್ಸಿಗೆ ಹೋದರೆ ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಹೋಗಬಹುದು, ಆದರೆ ಸುತ್ತು ಬಳಸಿ ಎರಡು ಕಡೆ ಇಳಿದು ಹತ್ತಬೇಕು. ಬೋಟಿನಲ್ಲಾದರೆ ಅರ್ಧ ತಾಸು. ಬಸ್ಸು ಸಾಮಾನನ್ನು ಮೇಲಕ್ಕೆ ಎತ್ತಿ ಒಗೆಯುತ್ತದೆ, ಬೋಟು ಪಕ್ಕಕ್ಕೆ ಜಾರಿಸುತ್ತದೆ. ಎರಡಕ್ಕೂ ಕಟ್ಟುವ ರೀತಿ ಬೇರೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ, ಅಲ್ಲಿಯ ಹಾಸ್ಟೆಲ್ಲಿನಲ್ಲೇ ಇದ್ದು. ಬೇಸಿಗೆ ಸೂಟಿಗೆ ಊರಿಗೆ ಹೊರಡುವಾಗ ಸಿಸ್ಟರ್ ಒಬ್ಬರು ನಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ, ಕಿವಿ ಹಚ್ಚಿ ಅಲ್ಲಾಡಿಸುತ್ತಿದ್ದರು. ಒಳಗೆ ಏನಾದರೂ ಗಡಗಡ ಎಂದರೆ ಎಲ್ಲ ತೆಗೆಸಿ ಮತ್ತೆ ತುಂಬಿಸುತ್ತಿದ್ದರು. ಆ ಅಭ್ಯಾಸ ನನ್ನ ಕೈಗೆ ಹತ್ತಿಬಿಟ್ಟಿದೆ. ಅಕ್ಕ ಇಳಕಲ್ಲಿಗೆ ಸೀರೆಗೆ ಹೋದಾಗ ಆರಿಸಿ ತಂದ ಬಳೆಗಳು ಅವು, ಹಸಿರು ಗಾಜಿನ ಮೇಲೆ ಸಣ್ಣ ಸಣ್ಣ ಬಂಗಾರದ ಚುಕ್ಕಿ. ಕುಬಸದ ಖಣವನ್ನು ಬಿಗಿಯಾಗಿ ಸುತ್ತಿ ಬಳೆಗಳ ನಡುವೆ ತೂರಿಸಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಸುತ್ತಲೂ ಉಡಿಯ ಅಕ್ಕಿ ಸುರಿದು ಮುಚ್ಚಳ ಒತ್ತಿದೆ. ಕಿವಿ ಹಚ್ಚಿ ಅಲ್ಲಾಡಿಸಿದೆ. ಸದ್ದಿಲ್ಲ.

ಅಷ್ಟರಲ್ಲಿ ಬಂದ ಅಕ್ಕ ಬಾಗಿಲಲ್ಲೇ ನಿಂತು ನಕ್ಕಳು. "ಅಕ್ಕಿಯಾಗ ಹುಗದೀಯಲ್ಲ ಬೇ, ಮುಂದ ಬಳಿ ಗಿಡ ಬೆಳೀತಾವೇನ?"

"ಬೆಳದ್ರ ನಿನಗೂ ಒಂದು ಡಜನ್ ಕೊಡ್ತೇನಿ ತಗೋ" ಅಂದೆ.

ನಾವಿಬ್ಬರೂ ಹತ್ತಿದ್ದು ಕಬ್ಬಿಣದ ತಗಡಿನ ಬೋಟು. ಹಿಂದೆ ಇಂಜಿನ್, ಮುಂದೆ ಎರಡು ಮೋಟಾರ್ ಸೈಕಲ್, ಯಾರದೋ ಒಂದು ಗ್ಯಾಸ್ ಸಿಲಿಂಡರ್ ಅಡ್ಡ ಮಲಗಿತ್ತು. ಬುಟ್ಟಿಗಳನ್ನು ಕೂರುವ ಹಲಗೆಯ ಕೆಳಗೆ ದೂಡಿದೆ. ಮೊಸರಿನ ಗಡಿಗೆಯನ್ನು ಅರಿವೆಯ ಸಿಂಬೆಯ ಮೇಲೆ ಕೂರಿಸಿ ಎರಡು ಬುಟ್ಟಿಗಳ ನಡುವೆ ಸಿಕ್ಕಿಸಿದೆ. ಬಳೆಯ ಡಬ್ಬಿ ದೊಡ್ಡ ಬುಟ್ಟಿಯಲ್ಲಿ, ಸೀರೆಯ ಕೆಳಗೆ. ಆಮೇಲೆ ಎಲ್ಲ ಬುಟ್ಟಿಗಳ ಹಿಡಿಕೆಯಲ್ಲಿ ಹಗ್ಗ ತೂರಿಸಿ ಬೋಟಿನ ಅಂಚಿನ ಕಂಬಿಗೆ ಬಿಗಿದೆ. ತಲೆಗೆ ಟವೆಲ್ ಸುತ್ತಿದ್ದ ಬೋಟಿನವನು ಹಗ್ಗ ಜಗ್ಗಿ ನೋಡಿದ.

"ಇಷ್ಟು ಗಟ್ಟಿ ನಾನೂ ಕಟ್ಟಂಗಿಲ್ರಿ ಅಕ್ಕಾರ. ಹೊಳಿಯಾಗ ಕಟ್ಟಿದ್ದ ನಮ್ಮದು, ಬಿಚ್ಚಿದ್ದ ಹೊಳಿದು."

ನಮ್ಮೆದುರು ಒಬ್ಬ ಹೆಣ್ಣುಮಗಳು ಕೂತಿದ್ದಳು. ಆಚೆ ದಂಡೆಯಿಂದ ಇನ್ನೂ ಮುಂದಿನ ಯಾವುದೋ ಊರಿನವಳು. ಕುಬಸ ಎಂದು ತಿಳಿದು, "ಬಳಿ ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು. ಅಷ್ಟೇ ಸಾಕಾಯಿತು ಅಕ್ಕನಿಗೆ. ಬಾಗಿ ಹಗ್ಗಕ್ಕೆ ಕೈ ಹಾಕಿದಳು.

"ಅಕ್ಕಾ, ದಂಡಿಗೆ ಹೋಗಿ ತೋರಸೂಣಂತ."

"ಸುಮ್ನಿರ ಬೇ. ನಿನ್ನ ಕಾನ್ವೆಂಟಿನ ಗಂಟು ಬಿಚ್ಚೂದ್ರಾಗ ಅರ್ಧಾ ಹೊಳಿ ಹಿಂದ ಹೋತು."

ಆ ಹೆಣ್ಣುಮಗಳು ನಕ್ಕಳು, ನಾನೂ ನಕ್ಕೆ. ಅಕ್ಕ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಅಕ್ಕಿಯಲ್ಲಿ ಕೈಯಾಡಿಸಿ ಬಳೆ ತೆಗೆದಳು. ಖಣವನ್ನು ಜಗ್ಗಿ ಬದಿಗಿಟ್ಟು, ಬಳೆಗಳನ್ನು ಅಂಗೈ ಮೇಲೆ ಎತ್ತಿ ಬಿಸಿಲಿಗೆ ಹಿಡಿದಳು. ಚುಕ್ಕಿಗಳು ಅವಳ ಗಲ್ಲದ ಮೇಲೆ ಮಿನುಗಿದವು. ನಡುನೀರಿನಲ್ಲಿ ಗಾಳಿ ತಿರುಗಿತು. ಬೋಟು ಒಮ್ಮೆ ವಾಲಿದ್ದೇ ತಡ, ಕಟ್ಟದೇ ಬಿಟ್ಟಿದ್ದ ಸಿಲಿಂಡರ್ ಉರುಳಿ ಅವಳ ಕಾಲಿನತ್ತ ಬಂತು. ಅಕ್ಕ ಗಾಬರಿಯಿಂದ ಕಾಲು ಮೇಲೆ ಮಾಡಿ, ಎರಡೂ ಕೈಯಿಂದ ಹಲಗೆ ಹಿಡಿದಳು.

ತಗಡಿನ ಮೇಲೆ ಗಾಜು ಬಿದ್ದ ಸದ್ದು ಇಂಜಿನ್ನಿನ ಸದ್ದಿನಲ್ಲೂ ಕೇಳಿತು. ನಮ್ಮಲ್ಲಿ ಬಳೆಗೆ 'ಒಡೆದವು' ಎನ್ನಬಾರದು. ನಾನು ಕೆಳಗೆ ಕೂತು ಚೆಲ್ಲಿದ ಅಕ್ಕಿಯೊಳಗಿನ ಚೂರುಗಳನ್ನು ಸೆರಗಿಗೆ ಆಯ್ದುಕೊಂಡೆ. ಒಂದು ಕೈಗೆ ಆಗುವಷ್ಟೂ ಬಳೆ ಉಳಿದಿರಲಿಲ್ಲ. ದಂಡೆಗೆ ಹತ್ತುತ್ತಲೇ ಆ ಹೆಣ್ಣುಮಗಳು ಟಂಟಂ ಆಟೋ ಹಿಡಿದು ತನ್ನ ಊರಿಗೆ ಹೋದಳು.

"ಶರಣ್ರಿ, ಬರ್ರಿ ಬರ್ರಿ" ಎನ್ನುತ್ತ ಬೀಗತಿ ಕಾಲಿಗೆ ನೀರು ಕೊಟ್ಟರು. ಬುತ್ತಿಯನ್ನು ಓಣಿಯ ಹೆಂಗಸರೆಲ್ಲರ ಮುಂದೆ ಬಿಚ್ಚಿ ತೋರಿಸುವುದು ಪದ್ಧತಿ. ರೊಟ್ಟಿ ಬುಟ್ಟಿ ಬಿಚ್ಚಿದಾಗ, "ನೀರ ಮ್ಯಾಲ ಬಂದ್ರೂ ಒಂದೂ ಮುರದಿಲ್ಲ ನೋಡ್ರೆ" ಎಂದು ಯಾರೋ ಬೆರಗಾದರು. ಆಮೇಲೆ ಬೀಗತಿ ಕೇಳಿದರು, "ಬಳಿ ಎಲ್ಲಿ?"

ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

"ಬೋಟಿನ್ಯಾಗ ಅಳ್ಳಾಡಿ ಹ್ವಾದವ್ರಿ. ನಮ್ಮ ತಂಗಿ ಕಟ್ಟಿದ್ಲು."

ಇಷ್ಟನ್ನು ನಾನು ತಡೆದುಕೊಂಡೆ. ಗೋಡೆಗೆ ಒರಗಿದ್ದ ಒಬ್ಬ ಮುದುಕಿ ಲೊಚ್ ಎಂದಳು. ಆಗ ಅಕ್ಕ ಇನ್ನಷ್ಟು ಮೆತ್ತಗಿನ ದನಿಯಲ್ಲಿ, "ಏನ ಮಾಡೂದ್ರಿ, ಆಕಿ ಕೈಗುಣಾನ ಹಂಗ. ಆಕೀದೂ ಎರಡನೇದು ನಿಂದ್ರಲಿಲ್ಲ" ಅಂದಳು.

ನನ್ನ ಎರಡನೆಯ ಬಸುರು ಐದಕ್ಕೆ ಹೋಗಿತ್ತು. ಆಗ ನಮ್ಮ ಅತ್ತೆಯ ಕಡೆಯವರೊಬ್ಬರು ಇದೇ ಕೈಗುಣದ ಮಾತು ಎತ್ತಿದ್ದರು. ದವಾಖಾನೆಯ ಮೊಗಸಾಲೆಯಲ್ಲೇ ಅವರ ಮೇಲೆ ಹರಿಹಾಯ್ದವಳು ಅಕ್ಕ. ಮುಂದೆ ಹದಿನೈದು ದಿನ ನನ್ನ ಮಗ್ಗುಲಲ್ಲೇ ಮಲಗಿ, "ಕೈಗುಣ ಅನ್ನೂದು ಯಾವದೂ ಇಲ್ಲ, ಕೈ ಅಂದ್ರ ಬರೇ ಕೈ" ಎಂದು ನನ್ನ ಬೆರಳು ಸವರುತ್ತಿದ್ದಳು. ಆ ಮಾತನ್ನು ನಂಬಿಯೇ ನಾನು ಮತ್ತೆ ನಾಲ್ಕು ಜನರ ಮನೆಗೆ ಹೋಗಿ ಉಡಿ ತುಂಬತೊಡಗಿದ್ದು.

ಬೀಗತಿ ತಮ್ಮ ಪೆಟ್ಟಿಗೆಯಿಂದ ಬೇರೆ ಬಳೆ ತೆಗೆದರು. ಬಳೆ ಇಡಿಸಲು, ಉಡಿ ತುಂಬಲು ಐವರು ಮುತ್ತೈದೆಯರನ್ನು ಕರೆದರು. ನಾನು ಎದ್ದು ಸೆರಗು ಸರಿಮಾಡಿಕೊಂಡೆ. "ನೀವು ಕೂಡ್ರಿ, ದಣದೀರಿ" ಅಂದರು. "ಚಿಗವ್ವಾ, ನೀನೂ ಬಾ" ಎಂದು ಹುಡುಗಿ ಕೈ ಚಾಚಿದಳು. "ಆಕಿ ಕೂಡ್ಲಿ ಬಿಡು" ಎಂದಳು ಅಕ್ಕ. ಹುಡುಗಿ ತಾಯಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಚಾಚಿದ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಮಗಳ ಮನೆಯಲ್ಲಿ ಅಕ್ಕ ಸುಳ್ಳುಗಾತಿ ಆಗುತ್ತಿದ್ದಳು. ಹಾಗಂತ ಅದು ನನ್ನ ದೊಡ್ಡತನವೂ ಅಲ್ಲ. ಅಳು ಬಂದುಬಿಡುತ್ತದೆಂದು ತುಟಿ ಬಿಗಿಹಿಡಿದಿದ್ದೆ, ಅಷ್ಟೇ.

ತಿರುಗಿ ಬರುವಾಗ ಅದೇ ಬೋಟು. ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಕಟ್ಟುತ್ತಿದ್ದೆ. ಬೋಟಿನವನು ಅಕ್ಕನಿಗೂ ಕೇಳುವಂತೆಯೇ, "ನೀವು ಹಾಕಿದ ಗಂಟು ತಾನಾಗಿ ಬಿಚ್ಚೂದಲ್ಲ ಬಿಡ್ರಿ ಅಕ್ಕಾರ" ಅಂದ. ಅಕ್ಕ ಮೊಬೈಲಿನಲ್ಲಿ ಫೋಟೋ ನೋಡುತ್ತಿದ್ದಳು.

ನಡುನೀರಿಗೆ ಬಂದ ಮೇಲೆ ಕೇಳಿದೆ. "ಅಕ್ಕಾ, ಕೈಗುಣ ಅಂದ್ಯಲ್ಲ."

"ಮತ್ತೇನ ಅನಬೇಕಿತ್ತು? ಮಗಳು ಬಾಳೂ ಮನಿ ಅದು. ಹಡದ ತಾಯಿ ಕೈಲೆನ ಬಳಿ ಹ್ವಾದ್ವು ಅಂತ ಹೇಳಬೇಕಿತ್ತೇನ? ನೀ ಏನ ದಿನಾ ಆ ಮನ್ಯಾಗ ಇರಾಕಿ?"

ಆ ಮಾತು ಖರೆ. ಬೋಟಿನಲ್ಲೇ ನನ್ನ ಕಡೆ ತಿರುಗಿ, 'ಇದನ್ನ ನಿನ್ನ ಮ್ಯಾಲ ಹಾಕ್ಕೋ' ಎಂದಿದ್ದರೆ, ಹಾಕಿಕೊಳ್ಳುತ್ತಿದ್ದೆ. ಹುಡುಗಿಯ ಸಲುವಾಗಿ ನಾನೇ ಮುಂದಾಗಿ ಹೇಳುತ್ತಿದ್ದೆ. ಅವಳು ಕೇಳಲಿಲ್ಲ. ಕಟ್ಟಿದ್ದು ತಂಗಿ ಎಂಬಲ್ಲಿಗೂ ನಿಲ್ಲಿಸಲಿಲ್ಲ. ನನ್ನ ಎದೆಯಲ್ಲಿ ಎಲ್ಲಿ ನೋಯುತ್ತದೆಂದು ಗೊತ್ತಿದ್ದವಳು ಅವಳೊಬ್ಬಳೇ. ಸರಿಯಾಗಿ ಅಲ್ಲಿಂದಲೇ ತೆಗೆದು ನಾಲ್ಕು ಜನರ ಮುಂದೆ ಇಟ್ಟಳು. "ಫೋಟೋ ಭಾಳ ಚಂದ ಬಂದಾವ ನೋಡು" ಎಂದು ಮೊಬೈಲು ನನ್ನತ್ತ ಹಿಡಿದಳು. ನಾನು ನೋಡಿದೆ. ಚೆನ್ನಾಗಿಯೇ ಬಂದಿದ್ದವು.

ಸಂಜೆ ಅಂಗಳದಲ್ಲಿ ಬುಟ್ಟಿಗಳನ್ನು ತೊಳೆದು ಬೋರಲು ಹಾಕುತ್ತಿದ್ದೆ. ಪಕ್ಕದ ಮನೆಯವರು ಕಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರ ಸೊಸೆಗೂ ಏಳು ಹತ್ತಿದೆ.

"ಬಂದ್ರೇನ್ರಿ?" ಎಂದವರು ಒಂದು ಟವೆಲ್ ಕೊಡವಿ ಮಡಚಿದರು. "ಬರೂ ವಾರ ನಮ್ಮ ಸೊಸೀಗೆ ಬಳಿ ಇಡಸಾಕ ನಿಮ್ಮನ್ನ ಕರದಿದ್ನೆಲ್ಲ, ಅದನ್ನೇನೂ ತಲ್ಯಾಗ ಇಟ್ಕೋಬ್ಯಾಡ್ರಿ. ಈಗ ಕಿರಾಣಿ ಅಂಗಡ್ಯಾಗ ನಿಮ್ಮ ಅಕ್ಕಾರು ಸಿಕ್ಕಿದ್ರು, ಬಳಿ ಸುದ್ದಿ ಹೇಳಿ, ತಾವ ಬರ್ತೇನಿ ಅಂದ್ರು. ನಿಮಗೂ ತ್ರಾಸ ತಪ್ಪಿತು. ಅಂದಂಗ, ಹಾಲಿನಾಂವ ಬಂದು ಹೋದನೇನ್ರಿ?"