ಯಾರೂ ಆಡದ ಎರಡನೆಯ ಆಟ

ನಮ್ಮ ತಂದೆ ಡ್ರಾಫ್ಟ್ಸ್‌ಮನ್ ಆಗಿದ್ದರು. ಮೈಸೂರಿನಿಂದ ಬಂದು ಗೋರೆಗಾಂವ್‌ನ ಒಂದು ಯಂತ್ರದ ಕಾರ್ಖಾನೆಗೆ ಸೇರಿ, ಅಲ್ಲೇ ನಕ್ಷೆ ಬರೆಯುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವರು. ಎಂಬತ್ತರ ದಶಕದ ಕೊನೆಯಲ್ಲಿ ಆ ಕಾರ್ಖಾನೆಗೆ ನಕ್ಷೆ ಬರೆಯುವ ಕಂಪ್ಯೂಟರ್ ಬಂತು. ಅದನ್ನು ಕಲಿಯಲು ಹೊಸದಾಗಿ ಸೇರಿದವರನ್ನು ಕಳಿಸಿದರು. ಅಪ್ಪನನ್ನು ಹಳೆಯ ನಕ್ಷೆಗಳನ್ನು ಜೋಡಿಸಿಡುವ ಕೋಣೆಗೆ ಹಾಕಿದರು. ಎರಡು ವರ್ಷ ಅಲ್ಲಿದ್ದು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದರು. 

ನಾನಾಗ ಮಾಟುಂಗದ ಕಡೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಸೋದರಮಾವನ ಆಫೀಸಿನಲ್ಲಿ ಬೇಡವಾದ ಕಂಪ್ಯೂಟರೊಂದು ನಮ್ಮ ಮನೆಗೆ ಬಂತು. ಅಮ್ಮ ಅದಕ್ಕೆ ಹಳೆಯ ಟೇಬಲ್‌ಕ್ಲಾತಿನಿಂದ ಹೊದಿಕೆ ಹೊಲಿದಳು. ಅಪ್ಪ ಮೊದಲ ಹದಿನೈದು ದಿನ ಅದರ ಹತ್ತಿರ ಸುಳಿಯಲಿಲ್ಲ.

ಆ ವರ್ಷ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಆಟ. ಆಡುವವನ ಮುಖ ಕಾಣುವುದಿಲ್ಲ, ಪರದೆಯ ಕೆಳಗೆ ಬಂದೂಕು ಹಿಡಿದ ಕೈ ಮಾತ್ರ. ಕೋಟೆಯ ಓಣಿಗಳಲ್ಲಿ ಓಡಬೇಕು, ಕಾವಲಿನವರನ್ನು ಹೊಡೆಯಬೇಕು, ಮೇಲಿನ ಮಹಡಿಗೆ ಹೋಗುವ ಲಿಫ್ಟು ಹುಡುಕಬೇಕು. ಅದನ್ನು ಎಲ್ಲರೂ ಮುಗಿಸಿದ ಮೇಲೆ ಅದೇ ಸರಣಿಯ ಎರಡನೆಯದು ಬಂತು. ಹೊಸತೇನೂ ಇಲ್ಲವೆಂದು ಅದರ ಬಗ್ಗೆ ಯಾರಿಗೂ ಉತ್ಸಾಹವಿರಲಿಲ್ಲ. 'ವಹೀ ದೀವಾರ್, ವಹೀ ಬಂದೂಕ್, ನಯಾ ಕ್ಯಾ ಹೈ?' ಎಂದು ನನ್ನ ಸ್ನೇಹಿತ ತನ್ನ ಫ್ಲಾಪಿಗಳನ್ನು ನನಗೇ ಕೊಟ್ಟುಬಿಟ್ಟ.

ಒಂದು ಭಾನುವಾರ ಮಧ್ಯಾಹ್ನ ನಾನು ಅದನ್ನು ಆಡುತ್ತಾ ಒಂದೇ ಓಣಿಯಲ್ಲಿ ಮೂರನೆಯ ಸಲ ಸುತ್ತುತ್ತಿದ್ದೆ. ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದ ಅಪ್ಪ ಹೇಳಿದರು: "ಆಗ್ಲೇ ಬಂದಿದ್ದೆ ಕಣೋ ಇಲ್ಲಿಗೆ. ಎಡಕ್ಕೆ ತಿರುಗು."

ತಿರುಗಿದೆ. ಬಾಗಿಲು ಸಿಕ್ಕಿತು.

ಮುಂದಿನ ಭಾನುವಾರ ಅವರು ಬೋರ್ಡು, ಪೆನ್ಸಿಲ್ಲು, ಸೆಟ್ ಸ್ಕ್ವೇರು ತಂದು ನನ್ನ ಪಕ್ಕದಲ್ಲಿ ಕುಳಿತರು. ನಾನು ನಡೆದಂತೆ ಅವರು ಬರೆದರು. "ನಿಲ್ಲು, ಎಷ್ಟು ಹೆಜ್ಜೆ ಬಂದೆ? ಹಿಂದಕ್ಕೆ ಹೋಗಿ ಇನ್ನೊಂದ್ಸಲ ಬಾ." ನನಗೆ ಗುರಿಯಿಟ್ಟು ಹೊಡೆಯುವ ಆತುರ, ಅವರಿಗೆ ಅಳತೆಯ ಚಿಂತೆ. ಹೊಡೆಯುವುದು ಅವರಿಗೆ ಹಿಡಿಸುತ್ತಿರಲಿಲ್ಲ. ನಾಯಿಗಳು ನುಗ್ಗಿ ಬಂದಾಗಲಂತೂ ಮುಖ ಆಚೆ ತಿರುಗಿಸಿ, "ಆಯ್ತಾ? ಆಯ್ತಾ?" ಎಂದು ಕೇಳುತ್ತಿದ್ದರು.

ಆ ಕೋಟೆಯಲ್ಲಿ ಗುಟ್ಟಿನ ಕೋಣೆಗಳಿದ್ದವು. ಸರಿಯಾದ ಜಾಗದಲ್ಲಿ ತಳ್ಳಿದರೆ ಗೋಡೆ ಸರಿಯುತ್ತಿತ್ತು. ಕಾಲೇಜಿನವರು ಎಲ್ಲ ಗೋಡೆಗಳನ್ನೂ ತಡಕಾಡಿ ಅವನ್ನು ಹುಡುಕುತ್ತಿದ್ದರು. ಅಪ್ಪ ಹಾಳೆಯನ್ನು ನೋಡಿ ಹುಡುಕುತ್ತಿದ್ದರು. ಎರಡನೆಯ ಮಹಡಿಯ ನಕ್ಷೆಯಲ್ಲಿ ಎರಡು ಕೋಣೆಗಳ ನಡುವೆ ಖಾಲಿ ಉಳಿದ ಚೌಕದ ಮೇಲೆ ಬೆರಳಿಟ್ಟು, "ಇಷ್ಟು ದಪ್ಪ ಗೋಡೆ ಯಾರೂ ಕಟ್ಟಲ್ಲ ಮರಿ. ಇದರೊಳಗೆ ಏನೋ ಇದೆ," ಎಂದರು. ಹೋಗಿ ತಳ್ಳಿದೆ. ಗೋಡೆ ಸದ್ದು ಮಾಡುತ್ತಾ ಹಿಂದಕ್ಕೆ ಸರಿಯಿತು. ಅಪ್ಪ ಚಪ್ಪಾಳೆ ತಟ್ಟಿದರು! ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ.

ಹೀಗೆ ಆರು ಮಹಡಿ ಆಯಿತು. ಒಂದೊಂದಕ್ಕೂ ಒಂದು ಹಾಳೆ. ವಾರದ ನಡುವೆ ಅವರು ಪೆನ್ಸಿಲ್ಲಿನ ಗೆರೆಗಳ ಮೇಲೆ ಇಂಕಿನಲ್ಲಿ ತಿದ್ದಿ, ಮೂಲೆಯಲ್ಲಿ ಕಾರ್ಖಾನೆಯ ನಕ್ಷೆಗಳಿಗೆ ಹಾಕುತ್ತಿದ್ದ ಹಾಗೆಯೇ ಚಿಕ್ಕ ಚೌಕಟ್ಟು ಬರೆದು ಹಾಳೆಯ ಸಂಖ್ಯೆ ಹಾಕುತ್ತಿದ್ದರು. ಆಮೇಲೆ ನನ್ನ ಪರೀಕ್ಷೆ ಬಂತು, ಪ್ರಾಜೆಕ್ಟು ಬಂತು. ಭಾನುವಾರಗಳು ತಪ್ಪಿದವು.

ಅಷ್ಟರಲ್ಲಿ ಅದೇ ಆಟದವರು ಮಾಡಿದ ಹೊಸ ಆಟವೊಂದು ಕಾಲೇಜಿಗೆ ಬಂದು ಎಲ್ಲರ ತಲೆ ಕೆಡಿಸಿತು. ಅದರಲ್ಲಿ ಮೆಟ್ಟಿಲುಗಳಿದ್ದವು, ಕತ್ತಲೆಯಿತ್ತು, ಮೇಲೆ ಕೆಳಗೆ ಹೋಗುವ ನೆಲವಿತ್ತು. ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ಯಾವುದನ್ನು ತೆಗೆಯಲಿ ಎಂದು ಸ್ನೇಹಿತನನ್ನು ಕೇಳಿದೆ. ಅವನು ಪಟ್ಟಿ ನೋಡಿ, "ಯೇ ಕೌನ್ ಖೇಲ್ತಾ ಹೈ ಅಬ್?" ಎಂದ. ಒಂದು ಸಾಲು ಟೈಪ್ ಮಾಡಿ, ಈಗ ಯಾರೂ ಆಡದ ಆ ಎರಡನೆಯ ಆಟವನ್ನು ಅಳಿಸಿದೆ. ಅದಕ್ಕೆ ಒಂದು ಗಳಿಗೆಯೂ ಹಿಡಿಯಲಿಲ್ಲ.

ಹೊಸ ಆಟದ ಸದ್ದು ಕೇಳಿ ಅಪ್ಪ ಒಳಗಿನಿಂದ ಬೋರ್ಡು ತಂದು ಕುಳಿತರು. ಸ್ನೇಹಿತ ಅವರ ಕೈಯಲ್ಲಿದ್ದ ಪೆನ್ಸಿಲ್ಲನ್ನು ನೋಡಿ ನನ್ನ ಕಡೆ ತಿರುಗಿ ನಕ್ಕ. ನನಗೆ ಒಂಥರಾ ನಾಚಿಕೆಯಾಯಿತು.

"ಇದಕ್ಕೆ ನಕ್ಷೆ ಬೇಡ ಅಪ್ಪ. ಒಂದು ಕೀ ಒತ್ತಿದ್ರೆ ಅದೇ ಬರ್ದು ತೋರ್ಸುತ್ತೆ," ಎಂದು ಒತ್ತಿ ತೋರಿಸಿದೆ. ನಾವು ನಡೆದ ದಾರಿಯೆಲ್ಲ ಪರದೆಯ ಮೇಲೆ ಗೆರೆಗಳಾಗಿ ಮೂಡಿತು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಚೆನ್ನಾಗಿ ಬರೆಯುತ್ತೆ," ಎಂದರು. "ಗೆರೆ ನೀಟಾಗಿದೆ."

ಹತ್ತು ನಿಮಿಷ ಕುಳಿತು, ತಲೆ ಸುತ್ತುತ್ತಿದೆ ಎಂದು ಎದ್ದು ಹೋದರು.

ಮಾರನೆಯ ದಿನ ಊಟಕ್ಕೆ ಕುಳಿತಾಗ ಕೇಳಿದರು: "ಆ ಹಳೇ ಆಟ ಎಲ್ಲಿ ಹೋಯ್ತು?"

"ಜಾಗ ಇರ್ಲಿಲ್ಲ ಅಪ್ಪ, ತೆಗೆದುಬಿಟ್ಟೆ. ಬೇಕಿತ್ತಾ?"

"ಛೆ, ಇಲ್ಲ ಇಲ್ಲ. ಸುಮ್ನೆ ಕೇಳ್ದೆ." ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು.

ಎಂಟು ತಿಂಗಳ ನಂತರ, ಬೆಳಗ್ಗೆ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ತರಕಾರಿ ತರುವಾಗ ಅಪ್ಪನಿಗೆ ಎದೆನೋವು ಬಂತು. ಯಾರೋ ಪುಣ್ಯಾತ್ಮರು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನಗೆ ಸುದ್ದಿ ಮುಟ್ಟಿದಾಗ ನಾನು ಲ್ಯಾಬಿನಲ್ಲಿದ್ದೆ. ಗೋರೆಗಾಂವ್ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವೈಕುಂಠ ಸಮಾರಾಧನೆ ಕಳೆದ ಮೇಲೆ, ಅಪ್ಪನ ಬಟ್ಟೆಗಳನ್ನು ತೆಗೆದಿಡುವಾಗ ಬೀರುವಿನ ಮೇಲೆ ನಕ್ಷೆಗಳ ಸುರುಳಿ ಸಿಕ್ಕಿತು. ನೆಲದ ಮೇಲೆ ಬಿಡಿಸಿದೆ. ಒಂದರಿಂದ ಆರರವರೆಗೆ ನನಗೆ ಗೊತ್ತಿದ್ದವೇ. ಅದರ ಕೆಳಗೆ ಏಳನೆಯದು ಇತ್ತು. ಎಂಟು, ಒಂಬತ್ತು, ಹತ್ತು. ನಾನು ನೋಡಿಯೇ ಇರದ ಓಣಿಗಳು, ಕೋಣೆಗಳು. ಪಕ್ಕದಲ್ಲಿ ಅಪ್ಪನ ಸಣ್ಣ ಅಕ್ಷರ: 'ಇಲ್ಲಿ ನಾಯಿ ಎರಡು. ಬಾಗಿಲು ತೆಗೆಯದೆ ಬಲಗಡೆಯಿಂದ ಹೋಗಬಹುದು.' ಹನ್ನೊಂದನೆಯ ಹಾಳೆ ಅರ್ಧಕ್ಕೆ ನಿಂತಿತ್ತು. ಅದರಲ್ಲಿ ಪೆನ್ಸಿಲ್ಲಿನ ಗೆರೆಗಳು ಮಾತ್ರ ಇದ್ದವು.

ಅಮ್ಮನನ್ನು ಕರೆದು ಕೇಳಿದೆ. "ಇದನ್ನೆಲ್ಲ ಅಪ್ಪ ಯಾವಾಗ ಬರೆದ್ರು?"

"ನೀನು ಕಾಲೇಜಿಗೆ ಹೋದ್ಮೇಲೆ ದಿನಾ ಕೂತ್ಕೊಳ್ತಿದ್ರಲ್ಲೋ. ಶುರುನಲ್ಲಿ ಆಟದೊಳಗೆ ಬರೀ ಸಾಯೋರು. ಒಂದೊಂದು ಬಾಗಿಲಿಗೂ ಅರ್ಧ ದಿನ. 'ಅವನಿಗೆ ಹೇಳ್ಬೇಡ, ಪೂರ್ತಿ ಮಾಡಿ ತೋರಿಸ್ತೀನಿ' ಅಂದಿದ್ರು." ಅಮ್ಮ ಹಾಳೆಯ ಅಂಚನ್ನು ಸವರಿದಳು. "ಆಮೇಲೆ ಒಂದಿನ ಬೆಳಗ್ಗೆ ಕಂಪ್ಯೂಟರ್ ಹಚ್ಚಿ, ಏನೇನೋ ಒತ್ತಿ ನೋಡಿ, ಆರಿಸಿ ಎದ್ದು ಬಂದ್ರು. 'ಹೋಯ್ತು' ಅಂದ್ರು. ಏನ್ ಹೋಯ್ತು ಅಂದ್ರೆ, ಏನಿಲ್ಲ ಅಂದ್ರು."

ನಾನು ಅಳಿಸಿದ್ದು ಆಟವನ್ನಷ್ಟೇ ಅಲ್ಲ. ಅದರ ಜೊತೆಗೆ ಅವರು ಹನ್ನೊಂದನೆಯ ಮಹಡಿಯವರೆಗೆ ಆಡಿ ಉಳಿಸಿಟ್ಟಿದ್ದೆಲ್ಲವನ್ನೂ ಅಳಿಸಿದ್ದೆ. ಬೇಕಿತ್ತಾ ಎಂದು ಅಂದು ಊಟದ ಹೊತ್ತಿನಲ್ಲಿ ನಾನು ಕೇಳಿದಾಗ ಅವರು ನನ್ನ ಮುಖ ನೋಡಿರಲಿಲ್ಲ. ನಾನೂ ಅವರ ಮುಖ ನೋಡಿರಲಿಲ್ಲ.

ಸ್ನೇಹಿತ ಕೊಟ್ಟಿದ್ದ ಆ ಆಟದ ಫ್ಲಾಪಿಗಳನ್ನು ಹುಡುಕಿದೆ. ಮಳೆಗಾಲದಲ್ಲಿ ಅವಕ್ಕೆ ಬೂಷ್ಟು ಹಿಡಿದಿತ್ತು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿನಲ್ಲಿ ಕೇಳುತ್ತಾ ಹೋದೆ. ಎಲ್ಲರ ಹತ್ತಿರವೂ ಮೊದಲನೆಯ ಆಟವಿತ್ತು, ಹೊಸದೂ ಇತ್ತು. ಐದನೆಯ ಅಂಗಡಿಯವನು ಡಬ್ಬಿಯ ತಳದಿಂದ ತೆಗೆದುಕೊಡುತ್ತಾ, "ಯೇ ತೋ ಕೋಯಿ ಪೂಛ್ತಾ ಭೀ ನಹೀಂ," ಎಂದ. ಇದನ್ನು ಯಾರೂ ಕೇಳುವುದೂ ಇಲ್ಲವಂತೆ. ಅಂಗಡಿಯ ಮೆಟ್ಟಿಲ ಮೇಲೆಯೇ ನನಗೆ ಅಳು ಬಂತು. ಕರ್ಚೀಫು ತೆಗೆದು ಬೆವರು ಒರೆಸಿಕೊಳ್ಳುವವನಂತೆ ಮುಖ ಮುಚ್ಚಿಕೊಂಡೆ.

ಒಂದು ವಾರ ಕಾಲೇಜಿಗೆ ಹೋಗದೆ ಆಡಿದೆ. ಪಕ್ಕದ ಕುರ್ಚಿಯ ಮೇಲೆ ಹಾಳೆಗಳನ್ನು ಹರಡಿಕೊಂಡೆ. ಅಪ್ಪನ ಗೆರೆ ಎಲ್ಲಿಯೂ ತಪ್ಪಿರಲಿಲ್ಲ. ಒಂಬತ್ತನೆಯ ಮಹಡಿಯಲ್ಲಿ ನನಗೆ ಎಂದೂ ಹೊಳೆಯಲಾರದಂಥ ಗುಟ್ಟಿನ ಕೋಣೆಯೊಂದನ್ನು ಅವರು ಒಬ್ಬರೇ ಕಂಡುಹಿಡಿದಿದ್ದರು. ಒಳಗೆ ಹೋಗಿ ನಿಂತೆ. ಅಂದು ಅವರಿಗಾಗಿ ಚಪ್ಪಾಳೆ ತಟ್ಟಲು ಅಲ್ಲಿ ಯಾರೂ ಇರಲಿಲ್ಲ ಎನ್ನುವುದು ತಲೆಯೊಳಗೆ ಹೊಕ್ಕು ಕೂತಿತು. ಹನ್ನೊಂದನೆಯ ಹಾಳೆ ನಿಂತಲ್ಲಿಂದ ಮುಂದೆ ನಾನೇ ಬರೆಯಲು ನೋಡಿದೆ. ಗೆರೆಗಳು ಸೊಟ್ಟಗಾದವು. ಅವನ್ನು ಅಳಿಸಿ, ನಕ್ಷೆಯಿಲ್ಲದೆ, ದಾರಿ ತಪ್ಪುತ್ತಾ ಹೋದೆ.

ಶನಿವಾರ ಸಂಜೆ ಆಟ ಮುಗಿಯಿತು. ಸದ್ದು ನಿಂತದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಬಂದು ನನ್ನ ಹಿಂದೆ ನಿಂತಳು.

"ಮುಗೀತಾ?"

"ಮುಗೀತಮ್ಮ."

"ಅವರು ಬಿಟ್ಟ ಕಡೆಯಿಂದ ಮುಂದೆ ಬಹಳ ಕಷ್ಟ ಇತ್ತೇನೋ?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ಇಲ್ಲಮ್ಮ," ಎಂದೆ. "ಅಪ್ಪನ ಕೈಲಿ ಆಗ್ತಿತ್ತು."